ಸೊಲ್ಲಾಪುರ–ಅಕ್ಕಲಕೋಟ: ಪ್ರದೇಶ ಯೋಜನೆಯಲ್ಲಿ ಸ್ವಯಂಸೇವಾ ಸಂಘಟನೆಗಳು

ಮಹಾರಾಷ್ಟ್ರದ ದಕ್ಷಿಣ ಅಂಚಿನ ಸೊಲ್ಲಾಪುರ ಜಿಲ್ಲೆಯಲ್ಲಿ ನೆಲ, ನೀರು, ವಸತಿ, ಸಂಚಾರ ಮತ್ತು ಪರಿಸರ ಕುರಿತ ಸರ್ಕಾರದ ತೀರ್ಮಾನಗಳ ಮೇಲೆ ಅಧಿಕಾರದ ಹೊರಗಿನ ಜನ ಬೀರಿದ ಪ್ರಭಾವದ ಇತಿಹಾಸ ಈ ಲೇಖನದ ವಿಷಯ. ಶಾಲಾ ಶಿಕ್ಷಕರು, ಬೀಡಿ ಕಾರ್ಮಿಕರ ಸಂಘಗಳು, ಬರಪೀಡಿತ ತಾಲ್ಲೂಕುಗಳ ರೈತರು, ನಗರದ ನಾಗರಿಕ ವೇದಿಕೆಗಳು, ಗಡಿ ಭಾಗದ ಗ್ರಾಮ ಪಂಚಾಯಿತಿಗಳು ಬೇರೆಬೇರೆ ಕಾಲದಲ್ಲಿ ಈ ಪಾತ್ರ ವಹಿಸಿವೆ. ಯೋಜನೆಯ ಕರಡು ಸಿದ್ಧವಾಗುವಾಗ ಸಲಹೆ ಕೊಟ್ಟವರಿಗಿಂತ, ತೀರ್ಮಾನವಾದ ಮೇಲೆ ತಡೆದವರು ಮತ್ತು ತಿದ್ದಿಸಿದವರೇ ಇಲ್ಲಿ ಹೆಚ್ಚು.

ನೆಲ ಮತ್ತು ಜನ

ಸೊಲ್ಲಾಪುರ ಜಿಲ್ಲೆಯ ವಿಸ್ತೀರ್ಣ 14,895 ಚದರ ಕಿ.ಮೀ.; ತಾಲ್ಲೂಕುಗಳು 11. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 43 ಲಕ್ಷ, ಸೊಲ್ಲಾಪುರ ನಗರದ್ದು ಸುಮಾರು 9.5 ಲಕ್ಷ, ಅಕ್ಕಲಕೋಟ ಪಟ್ಟಣದ್ದು ಸುಮಾರು 40 ಸಾವಿರ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ನಾಡಿಗೆ ಬರಗಾಲ ಹೊಸದಲ್ಲ. ಭೀಮಾ, ಸೀನಾ, ಬೋರಿ ಇಲ್ಲಿನ ಮುಖ್ಯ ನದಿಗಳು. ಅಕ್ಕಲಕೋಟ ಮತ್ತು ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳು ಕರ್ನಾಟಕಕ್ಕೆ ಹೊಂದಿಕೊಂಡಿದ್ದು, ಇಲ್ಲಿನ ಅನೇಕ ಊರುಗಳಲ್ಲಿ ಮನೆಮಾತು ಕನ್ನಡ. ಸೊಲ್ಲಾಪುರ ನಗರದಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಬಳಕೆಯಲ್ಲಿವೆ. ಆದ್ದರಿಂದ ಇಲ್ಲಿ ಯೋಜನೆಯ ಪ್ರಶ್ನೆಗೆ ನೀರಿನ ಕೊರತೆ, ನೇಕಾರಿಕೆ ಮತ್ತು ಬೀಡಿ ಕೆಲಸದ ಬಡತನ, ಗಡಿಯ ಉಪೇಕ್ಷೆ ಎಂಬ ಮೂರು ಮುಖಗಳಿವೆ.

ಕೆರೆಯಿಂದ ಗಿರಣಿಯವರೆಗೆ

ಈ ಪ್ರದೇಶದಲ್ಲಿ ಸಾರ್ವಜನಿಕ ಕಾಮಗಾರಿಯ ಅತಿ ಹಳೆಯ ನೆನಪು 12ನೆಯ ಶತಮಾನದ ಶರಣ ಸಿದ್ಧರಾಮನದು. ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಅವನು ಕೆರೆ ಕಟ್ಟಿಸಿ ಗುಡಿಗಳನ್ನು ಎತ್ತಿಸಿದನೆಂಬುದನ್ನು ವೀರಶೈವ ಪರಂಪರೆಯೂ ರಾಘವಾಂಕನ ‘ಸಿದ್ಧರಾಮ ಚಾರಿತ್ರ’ವೂ ಹೇಳುತ್ತವೆ. ಕೆರೆ ಅಗೆಸುವುದರಲ್ಲೇ ಮುಳುಗಿದ್ದ ಅವನನ್ನು ಅಲ್ಲಮಪ್ರಭು ‘ಒಡ್ಡರಾಮ’ನೆಂದು ಕೆಣಕಿದ ಪ್ರಸಂಗ ‘ಶೂನ್ಯಸಂಪಾದನೆ’ಯಲ್ಲಿದೆ. ನಗರದ ನಡುವಿನ ಸಿದ್ಧೇಶ್ವರ ಕೆರೆ ಮತ್ತು ದೇವಾಲಯ ಇಂದಿಗೂ ಆ ಪರಂಪರೆಯ ಕೇಂದ್ರ.

ಬ್ರಿಟಿಷರ ಕಾಲದಲ್ಲಿ ಕಾಮಗಾರಿ ಸಮುದಾಯದ ಕೈಯಿಂದ ಸರ್ಕಾರದ ಇಲಾಖೆಗೆ ಸರಿಯಿತು. ಅದಿಲಾ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಏಕರೂಖ ಕೆರೆ 1871ರಲ್ಲಿ ಪೂರ್ಣಗೊಂಡಿತು. ಜನ ಅದನ್ನು ಹಿಪ್ಪರಗಾ ಕೆರೆ ಎನ್ನುತ್ತಾರೆ. ಅದರ ಬೆನ್ನಿಗೇ 1876–78ರ ಮಹಾಕ್ಷಾಮ ಜಿಲ್ಲೆಯನ್ನು ಹಿಂಡಿತು. 1877ರಲ್ಲಿ ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿ, ಮುಂದೆ ‘ಜುನೀ ಮಿಲ್’ ಎಂದು ಹೆಸರಾದ ಗಿರಣಿ, ಆರಂಭವಾಯಿತು. ಗಿರಣಿಗಳ ಸುತ್ತ ಕಾರ್ಮಿಕರ ಪೇಟೆಗಳು ಬೆಳೆದವು. ನಗರ ವಿಸ್ತರಣೆಯ ದಿಕ್ಕನ್ನು ನಕ್ಷೆಗಿಂತ ಗಿರಣಿಯ ದ್ವಾರಗಳೇ ತೀರ್ಮಾನಿಸಿದವು.

1852ರಲ್ಲಿ ಸ್ಥಾಪನೆಯಾದ ನಗರಪಾಲಿಕೆ ನಾಗರಿಕ ರಾಜಕಾರಣದ ಅಂಗಳವಾಯಿತು. 1930ರ ಏಪ್ರಿಲ್ 6ರಂದು ಪಾಲಿಕೆಯ ಕಟ್ಟಡದ ಮೇಲೆ ತ್ರಿವರ್ಣ ಧ್ವಜ ಏರಿತು; ಮೇ ತಿಂಗಳಲ್ಲಿ ಮಾರ್ಷಲ್ ಲಾ ಜಾರಿಯಾಯಿತು; ಸ್ವಾತಂತ್ರ್ಯ ಹೋರಾಟಗಾರರಾದ ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ 1931ರ ಜನವರಿ 12ರಂದು ಗಲ್ಲಿಗೇರಿದರು. ಕಾರ್ಮಿಕರು ಮತ್ತು ನಾಗರಿಕರು ಒಟ್ಟಾಗಿ ಬೀದಿಗಿಳಿಯುವ ರೂಢಿಗೆ ಈ ಘಟನೆಗಳು ಆಳವಾದ ಬೇರು ಕೊಟ್ಟವು. 1964ರಲ್ಲಿ ನಗರ ಮಹಾನಗರಪಾಲಿಕೆಯಾಯಿತು. ಅದೇ ದಶಕದಲ್ಲಿ ಹಳೆಯ ಗಿರಣಿ ಮುಚ್ಚಿ, ದುಡಿಮೆ ಪವರ್‌ಲೂಮ್ ಶೆಡ್‌ಗಳಿಗೂ ಬೀಡಿ ಕಟ್ಟುವ ಮನೆಗಳಿಗೂ ಚದುರಿತು.

ಕಾನೂನು ತೆರೆದ ಬಾಗಿಲು

ಮಹಾರಾಷ್ಟ್ರದಲ್ಲಿ ಪ್ರದೇಶ ಯೋಜನೆಗೆ ಆಧಾರ 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆ. ಅದರಂತೆ ಪ್ರದೇಶ ಯೋಜನೆಯ ಕರಡನ್ನು ಪ್ರಕಟಿಸಿ, ಯಾರೇ ಆಗಲಿ ಆಕ್ಷೇಪ ಮತ್ತು ಸಲಹೆ ಸಲ್ಲಿಸಲು ಅವಕಾಶ ಕೊಡಬೇಕು. ನಗರಗಳ ಅಭಿವೃದ್ಧಿ ಯೋಜನೆಗಳಿಗೂ ಇಂಥದೇ ವಿಧಾನವಿದೆ. ಆದರೆ ಈ ಬಾಗಿಲು ತೆರೆಯುವುದು ಕರಡು ಸಿದ್ಧವಾದ ಮೇಲೆ. ಯಾವ ಊರಿಗೆ ಯಾವ ರಸ್ತೆ, ಯಾವ ಹೊಲ ಯಾವ ಉದ್ದೇಶಕ್ಕೆ ಮೀಸಲು ಎಂಬುದು ಅಷ್ಟರಲ್ಲಿ ಗೆರೆಯಾಗಿ ಮೂಡಿರುತ್ತದೆ.

1992ರ 74ನೆಯ ಸಂವಿಧಾನ ತಿದ್ದುಪಡಿ ಇನ್ನೊಂದು ದಾರಿ ತೋರಿತು. 243ಝಡ್‌ಡಿ ವಿಧಿಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಯೋಜನಾ ಸಮಿತಿ ಇರಬೇಕು. ಅದರ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಸದಸ್ಯರು ಪಂಚಾಯಿತಿ ಮತ್ತು ನಗರಸಭೆಗಳ ಚುನಾಯಿತರಿಂದ ಆರಿಸಿಬಂದವರಾಗಿರಬೇಕು. ನೆಲದ ಬಳಕೆ, ನೀರಿನ ಹಂಚಿಕೆ, ಪರಿಸರ ರಕ್ಷಣೆಯಂಥ ಹಳ್ಳಿ–ನಗರಗಳ ಸಮಾನ ವಿಷಯಗಳನ್ನು ಸಮಿತಿ ಒಟ್ಟಾಗಿ ನೋಡಬೇಕು. ಮಹಾರಾಷ್ಟ್ರ ಇದಕ್ಕಾಗಿ 1998ರಲ್ಲಿ ಕಾಯಿದೆ ಮಾಡಿತು. 2005ರ ಮಾಹಿತಿ ಹಕ್ಕು ಕಾಯಿದೆ ಮತ್ತು 2006ರ ಪರಿಸರ ಪರಿಣಾಮ ಅಧಿಸೂಚನೆಯ ಸಾರ್ವಜನಿಕ ಅಹವಾಲು ಸಭೆಗಳು ಸಂಘಟನೆಗಳ ಕೈಗೆ ಹೊಸ ಸಾಧನಗಳಾದವು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳಲ್ಲಿ ಸೊಲ್ಲಾಪುರವೂ ಆಯ್ಕೆಯಾದಾಗ, ಪ್ರಸ್ತಾವ ಸಿದ್ಧಪಡಿಸುವ ಹಂತದಲ್ಲೇ ನಾಗರಿಕರ ಅಭಿಪ್ರಾಯ ಸಂಗ್ರಹ ಕಡ್ಡಾಯವಾಗಿತ್ತು.

ನಾನ್ನಜದ ಹುಲ್ಲುಗಾವಲು

ಒಬ್ಬ ಶಿಕ್ಷಕನ ಆಸಕ್ತಿ ಸರ್ಕಾರದ ನೆಲನೀತಿಯಾಗಿ ಬೆಳೆದ ಉದಾಹರಣೆ ನಾನ್ನಜದ್ದು. ಸೊಲ್ಲಾಪುರದ ಶಾಲಾ ಶಿಕ್ಷಕ ಬಿ.ಎಸ್. ಕುಲಕರ್ಣಿ 1972ರಲ್ಲಿ ನಗರದ ಉತ್ತರಕ್ಕಿರುವ ನಾನ್ನಜದ ಬಯಲಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗಳನ್ನು ಗುರುತಿಸಿದರು. ಮರಾಠಿಯಲ್ಲಿ ಮಾಳಢೋಕ, ನಮ್ಮ ಕಡೆ ಎರೆಭೂತ ಎನ್ನುವ ಈ ಹಕ್ಕಿಗೆ ಬೇಕಾದದ್ದು ಕಾಡಲ್ಲ, ತೆರೆದ ಹುಲ್ಲುನೆಲ. ಕಂದಾಯ ದಾಖಲೆಯಲ್ಲಿ ಅಂಥ ನೆಲ ‘ಪಡ’, ಅಂದರೆ ಪಾಳು, ಎಂದೇ ನಮೂದಾಗುತ್ತಿತ್ತು. ಕುಲಕರ್ಣಿಯವರ ಒತ್ತಾಯ, ಪಕ್ಷಿತಜ್ಞರ ಬೆಂಬಲ ಮತ್ತು ಬರಪೀಡಿತ ಪ್ರದೇಶ ಕಾರ್ಯಕ್ರಮದಡಿ ಬೇಲಿ ಹಾಕಿ ಬೆಳೆಸಿದ ಹುಲ್ಲಿನ ತಾಕುಗಳು ಸೇರಿ ರಕ್ಷಣೆಗೆ ನೆಲೆ ಸಿಕ್ಕಿತು.

1979ರಲ್ಲಿ ಘೋಷಣೆಯಾದ ಅಭಯಾರಣ್ಯ ಸೊಲ್ಲಾಪುರ ಮತ್ತು ಆಗಿನ ಅಹಮದ್‌ನಗರ ಜಿಲ್ಲೆಗಳಲ್ಲಿ ಸುಮಾರು 8,496 ಚದರ ಕಿ.ಮೀ. ಆವರಿಸಿತ್ತು. ಇದರ ಬಹುಪಾಲು ರೈತರ ಖಾಸಗಿ ಹೊಲ, ಊರು, ರಸ್ತೆ. ಜಮೀನು ಮಾರಾಟ, ಕಟ್ಟಡ, ನೀರಾವರಿ ಎಲ್ಲಕ್ಕೂ ತೊಡಕಾದಾಗ ರೈತರೇ ಗಡಿ ಮರುಪರಿಶೀಲನೆಗೆ ಒತ್ತಾಯಿಸಿದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅಭಯಾರಣ್ಯದ ವ್ಯಾಪ್ತಿ ಸುಮಾರು 1,222 ಚದರ ಕಿ.ಮೀ.ಗೆ ಇಳಿಯಿತು. ಹಕ್ಕಿಯ ಪರ ನಿಂತವರೂ ಹೊಲದ ಪರ ನಿಂತವರೂ ಜನರೇ. ಗಡಿ ಎಳೆಯುವಾಗ ಇಬ್ಬರನ್ನೂ ಒಟ್ಟಿಗೆ ಕೂರಿಸದೆ ಹೋದದ್ದರಿಂದ ತಿದ್ದುಪಡಿಗೆ ಮೂರು ದಶಕ ಹಿಡಿಯಿತು. ಅಷ್ಟರಲ್ಲಿ ಹಕ್ಕಿಗಳ ಸಂಖ್ಯೆ ಬೆರಳೆಣಿಕೆಗೆ ಬಂದಿತ್ತು.

ನೀರಿನ ಹಂಚಿಕೆ

ಭೀಮಾ ನದಿಗೆ ಅಡ್ಡಲಾಗಿ 1980ರಲ್ಲಿ ಪೂರ್ಣಗೊಂಡ ಉಜನಿ ಅಣೆಕಟ್ಟಿನ ಸಂಗ್ರಹ ಸಾಮರ್ಥ್ಯ ಸುಮಾರು 117 ಟಿಎಂಸಿ. ಈ ನೀರಿನ ಬಲದ ಮೇಲೆ ಜಿಲ್ಲೆಯಲ್ಲಿ ಕಬ್ಬು ಹಬ್ಬಿ, 30ಕ್ಕೂ ಹೆಚ್ಚು ಸಕ್ಕರೆ ಕಾರ್ಖಾನೆಗಳು ತಲೆಯೆತ್ತಿದವು. ಕಾಲುವೆ ಮುಟ್ಟದ ಸಾಂಗೋಲಾ, ಮಂಗಳವೇಢೆ, ಅಕ್ಕಲಕೋಟ ತಾಲ್ಲೂಕುಗಳ ಬಹುಪಾಲು ಒಣಗಿಯೇ ಉಳಿಯಿತು.

ಇದಕ್ಕೆ ಎದುರಾಗಿ ಬೆಳೆದದ್ದು ಪಾಣಿ ಸಂಘರ್ಷ ಚಳವಳಿ. ಸ್ವಾತಂತ್ರ್ಯ ಹೋರಾಟಗಾರ ನಾಗನಾಥ ಅಣ್ಣಾ ನಾಯಕವಾಡಿ ಅವರ ನೇತೃತ್ವದಲ್ಲಿ 1993ರಿಂದ ಸಾಂಗಲಿ ಜಿಲ್ಲೆಯ ಆಟಪಾಡಿಯಲ್ಲಿ ನಡೆದ ಪರಿಷತ್ತುಗಳಿಗೆ ಸಾತಾರಾ, ಸಾಂಗಲಿ, ಸೊಲ್ಲಾಪುರ ಜಿಲ್ಲೆಗಳ 13 ಬರಪೀಡಿತ ತಾಲ್ಲೂಕುಗಳ ಜನ ಸೇರಿದರು. ಶ್ರಮಿಕ ಮುಕ್ತಿ ದಳದ ಭರತ್ ಪಾಟಣಕರ್ ಜೊತೆಗಿದ್ದರು. ಚಳವಳಿ ಬರೀ ನೀರು ಕೇಳಲಿಲ್ಲ, ಸಮಾನ ಹಂಚಿಕೆಯ ಲೆಕ್ಕವನ್ನೂ ಮುಂದಿಟ್ಟಿತು. ಕೃಷ್ಣಾ ಕಣಿವೆಯ ಏತ ನೀರಾವರಿ ಯೋಜನೆಗಳು ಮುಂದೆ ಸಾಗುವುದಕ್ಕೆ ಈ ಒತ್ತಡವೂ ಕಾರಣ. 2009ರಲ್ಲಿ ಮಂಗಳವೇಢೆ ತಾಲ್ಲೂಕಿನ ಹಲವು ಊರುಗಳು ನೀರಿಗಾಗಿ ಲೋಕಸಭಾ ಚುನಾವಣೆಯನ್ನೇ ಬಹಿಷ್ಕರಿಸಿದವು.

ನದಿಯ ಮೇಲ್ಭಾಗ ಮತ್ತು ಕೆಳಭಾಗದ ನಡುವೆಯೂ ತಿಕ್ಕಾಟವಿದೆ. 2021ರ ಏಪ್ರಿಲ್‌ನಲ್ಲಿ ಉಜನಿಯಿಂದ ಪುಣೆ ಜಿಲ್ಲೆಯ ಇಂದಾಪುರಕ್ಕೆ 5 ಟಿಎಂಸಿ ನೀರು ಒಯ್ಯುವ ತೀರ್ಮಾನ ಹೊರಬಿದ್ದಾಗ ಸೊಲ್ಲಾಪುರದ ರೈತ ಸಂಘಟನೆಗಳು ಪಕ್ಷಭೇದ ಮರೆತು ಎದ್ದವು. ಮೇ ತಿಂಗಳಲ್ಲಿ ಸರ್ಕಾರ ಆದೇಶ ರದ್ದುಪಡಿಸಿತು. ನಗರದ ಕುಡಿಯುವ ನೀರೂ ಇದೇ ಗಂಟಿಗೆ ಸಿಕ್ಕಿದೆ. ನಗರಕ್ಕೆ ನೀರೆತ್ತುವ ಟಾಕಳಿಯ ಬಂಧಾರೆಗೆ (ಒಡ್ಡಿಗೆ) ಮುಟ್ಟಿಸಲು ನಗರಕ್ಕೆ ಬೇಕಾದುದರ ಹಲವು ಪಟ್ಟು ನೀರನ್ನು ಭೀಮಾ ಪಾತ್ರಕ್ಕೆ ಬಿಡಬೇಕಾಗುತ್ತಿತ್ತು. ಈ ಪೋಲು ತಡೆಯಲು ಅಣೆಕಟ್ಟಿನಿಂದ ಇನ್ನೊಂದು ಕೊಳವೆಮಾರ್ಗ ಬೇಕೆಂಬುದು ನಗರದವರ ಬಹುಕಾಲದ ಬೇಡಿಕೆಯಾಗಿತ್ತು. ಆದರೆ ನದಿಗೆ ಬಿಟ್ಟ ನೀರೇ ದಂಡೆಯ ಊರುಗಳ ಬೋರು ಬಾವಿಗಳಿಗೆ ಜೀವ.

ಕುಂಭಾರಿಯ ಕಾರ್ಮಿಕ ವಸಾಹತುಗಳು

ಸ್ವಯಂ ಸಂಘಟನೆಯ ಅತಿ ದೊಡ್ಡ ಗುರುತು ಸೊಲ್ಲಾಪುರ–ಅಕ್ಕಲಕೋಟ ರಸ್ತೆಯ ಕುಂಭಾರಿಯಲ್ಲಿದೆ. ನಗರದ ಕೊಳೆಗೇರಿಗಳಲ್ಲಿ ಬಾಡಿಗೆಗಿದ್ದ ಬೀಡಿ ಕಾರ್ಮಿಕ ಮಹಿಳೆಯರು ಸಿಐಟಿಯು ಮುಖಂಡ, ಶಾಸಕರೂ ಆಗಿದ್ದ ನರಸಯ್ಯ ಆಡಂ ಅವರ ಮುಂದಾಳತ್ವದಲ್ಲಿ ಸಹಕಾರ ಸಂಘ ಕಟ್ಟಿದರು. ಕೇಂದ್ರ, ರಾಜ್ಯ ಮತ್ತು ಕಾರ್ಮಿಕರು ವೆಚ್ಚ ಹಂಚಿಕೊಳ್ಳುವ ಏರ್ಪಾಟಿನಲ್ಲಿ ಎದ್ದ ಗೋದೂತಾಯಿ ಪರುಳೇಕರ್ ವಸಾಹತಿನ 10,000 ಮನೆಗಳನ್ನು 2006ರಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಹಸ್ತಾಂತರಿಸಿದರು. ಅದೇ ಮಾದರಿಯಲ್ಲಿ ಅಸಂಘಟಿತ ಕಾರ್ಮಿಕರಿಗಾಗಿ 30,000 ಮನೆಗಳ ರೇ ನಗರ ಯೋಜನೆ ರೂಪುಗೊಂಡಿತು. 2019ರ ಜನವರಿ 9ರಂದು ಪ್ರಧಾನಿ ನರೇಂದ್ರ ಮೋದಿ ಶಂಕುಸ್ಥಾಪನೆ ಮಾಡಿದರು. 2024ರ ಜನವರಿ 19ರಂದು 15,000 ಮನೆಗಳು ಹಸ್ತಾಂತರವಾದವು.

ಯೋಜನೆಯ ದೃಷ್ಟಿಯಿಂದ ಇದರ ಪಾಠ ಎರಡು ಬಗೆಯದು. ಬಡವರಿಗೆ ಮನೆ ಕಟ್ಟುವ ಶಕ್ತಿ ಸಂಘಟನೆಗೆ ಇದೆಯೆಂಬುದು ಒಂದು. ನಗರದ ಮಿತಿಯ ಹೊರಗೆ ಒಂದು ಪಟ್ಟಣದಷ್ಟು ಜನ ನೆಲೆಸಿದಾಗ ನೀರು, ಚರಂಡಿ, ಶಾಲೆ, ಬಸ್ಸು ಯಾರ ಹೊಣೆ ಎಂಬ ಪ್ರಶ್ನೆ ಗ್ರಾಮ ಪಂಚಾಯಿತಿ ಮತ್ತು ಮಹಾನಗರಪಾಲಿಕೆಯ ನಡುವೆ ಸಿಲುಕುತ್ತದೆಂಬುದು ಇನ್ನೊಂದು.

ವಿಮಾನ ನಿಲ್ದಾಣದ ವಿವಾದ

ಹೋಟಗಿ ರಸ್ತೆಯ ಹಳೆಯ ವಿಮಾನ ನಿಲ್ದಾಣವೋ, ಬೋರಾಮಣಿಯ ಹೊಸದೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಬೋರಾಮಣಿಯಲ್ಲಿ ಅರಣ್ಯ ಭೂಮಿಯ ತೊಡಕಿತ್ತು. ಹೋಟಗಿ ರಸ್ತೆಯಲ್ಲಿ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ವಿದ್ಯುತ್ ಘಟಕದ ಎತ್ತರದ ಚಿಮಣಿ ಅಡ್ಡವಾಗಿತ್ತು. ಸೊಲ್ಲಾಪುರ ವಿಕಾಸ ಮಂಚ್ ಎಂಬ ನಾಗರಿಕ ವೇದಿಕೆ ಚಿಮಣಿ ತೆಗೆಸಿ ವಿಮಾನ ಹಾರಿಸಬೇಕೆಂದು 2022ರ ಕೊನೆಯಲ್ಲಿ ಸರದಿ ಉಪವಾಸ ನಡೆಸಿತು. ಕಾರ್ಖಾನೆಯ ರೈತ ಸದಸ್ಯರು ಕಬ್ಬು ನುರಿಸುವ ಕೆಲಸ ನಿಲ್ಲುತ್ತದೆಂದು ಪ್ರತಿಭಟಿಸಿದರು. ಪಾಲಿಕೆ 2023ರ ಜೂನ್ 15ರಂದು ಚಿಮಣಿ ಕೆಡವಿತು. 2024ರ ಸೆಪ್ಟೆಂಬರ್ 29ರಂದು ನಿಲ್ದಾಣದ ಉದ್ಘಾಟನೆಯಾಯಿತು.

ಅಕ್ಕಲಕೋಟ

1948ರವರೆಗೆ ಭೋಸಲೆ ಮನೆತನದ ಸಂಸ್ಥಾನವಾಗಿದ್ದ ಅಕ್ಕಲಕೋಟ, 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರಿಂದ ಯಾತ್ರಾಸ್ಥಳವಾಯಿತು. ಸಣ್ಣ ಪಟ್ಟಣಕ್ಕೆ ಬರುವ ಯಾತ್ರಿಕರ ಊಟ–ವಸತಿಯ ದೊಡ್ಡ ಹೊರೆಯನ್ನು 1988ರಲ್ಲಿ ಆರಂಭವಾದ ಅನ್ನಛತ್ರ ಮಂಡಳಿಯಂಥ ಸೇವಾಸಂಸ್ಥೆಗಳು ಹೊತ್ತಿವೆ. ಸರ್ಕಾರದ ತೀರ್ಥಕ್ಷೇತ್ರ ಯೋಜನೆಗಳ ಕಣ್ಣೂ ಪಟ್ಟಣದ ಮೇಲೆಯೇ.

ತಾಲ್ಲೂಕಿನ ಹಳ್ಳಿಗಳ ಕಥೆ ಬೇರೆ. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ಅಕ್ಕಲಕೋಟ ಸೇರಿ ಮಹಾರಾಷ್ಟ್ರದ ಕೆಲವು ಗಡಿ ಪ್ರದೇಶಗಳನ್ನು ಕರ್ನಾಟಕಕ್ಕೆ ಸೇರಿಸಲು ಶಿಫಾರಸು ಮಾಡಿತ್ತು, ಅದು ಜಾರಿಯಾಗಲಿಲ್ಲ. 2022ರ ಕೊನೆಯಲ್ಲಿ ಗಡಿವಿವಾದ ಮತ್ತೆ ಭುಗಿಲೆದ್ದಾಗ ತಾಲ್ಲೂಕಿನ 11 ಗ್ರಾಮಗಳು ರಸ್ತೆ, ನೀರು ಸಿಗದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆಂದು ನಿರ್ಣಯ ಮಾಡಿದವು. ಆಡಳಿತದ ನೋಟಿಸಿನ ನಂತರ ಬಹುತೇಕ ಗ್ರಾಮಗಳು ಅದನ್ನು ಹಿಂಪಡೆದವು. ಸೂರತ್–ಚೆನ್ನೈ ಹೆದ್ದಾರಿಗೆ ಜಮೀನು ಹೋಗುವ ರೈತರೂ ಪರಿಹಾರ ಸಾಲದೆಂದು ಹೋರಾಟಕ್ಕಿಳಿದರು. ಎರಡೂ ಕಡೆ ಗ್ರಾಮಸಭೆಯ ಮಾತು ಜಿಲ್ಲಾ ಕಚೇರಿಗೆ ತಲುಪಿದ್ದು ಸುದ್ದಿಯಾದ ಮೇಲೆಯೇ.

ಮೌಲ್ಯಮಾಪನ

ಐದು ದಶಕಗಳ ಈ ಹೋರಾಟಗಳಿಂದ ಅಭಯಾರಣ್ಯ ಬಂತು, ಅದರ ಗಡಿ ಬದಲಾಯಿತು, ನೀರಿನ ಆದೇಶ ರದ್ದಾಯಿತು, ಹತ್ತಾರು ಸಾವಿರ ಮನೆಗಳು ಎದ್ದವು, ವಿಮಾನ ನಿಲ್ದಾಣ ತೆರೆಯಿತು. ಆದರೆ ಪ್ರತಿಯೊಂದೂ ಬಿಡಿ ಬೇಡಿಕೆಗೆ ದೊರೆತ ಬಿಡಿ ಉತ್ತರ. ಉಜನಿಯ ನೀರು, ಕಬ್ಬಿನ ವಿಸ್ತಾರ, ಕುಂಭಾರಿಯ ಚರಂಡಿ, ನಾನ್ನಜದ ಹುಲ್ಲು, ಅಕ್ಕಲಕೋಟದ ಗಡಿಹಳ್ಳಿಯ ರಸ್ತೆ ಒಂದೇ ಪ್ರದೇಶದ ಒಂದೇ ಲೆಕ್ಕಕ್ಕೆ ಸೇರಿದವು ಎಂಬ ನಿಲುವಿನಿಂದ ಎಲ್ಲ ಸಂಘಟನೆಗಳೂ ಒಂದೆಡೆ ಕೂತ ಉದಾಹರಣೆ ಅಪರೂಪ. ಅದಕ್ಕೆ ಬೇಕಾದ ವೇದಿಕೆ ಸಂವಿಧಾನದಲ್ಲೇ ಇದೆ. ಜಿಲ್ಲಾ ಯೋಜನಾ ಸಮಿತಿ ಅನುದಾನ ಹಂಚುವ ಸಭೆಯಾಗಿ ಉಳಿಯದೆ, ಕರಡಿಗೆ ಮುಂಚೆಯೇ ಊರವರ ಮಾತು ಕೇಳುವ ಸಭೆಯಾದರೆ ಮಾತ್ರ ಸ್ವಯಂಸೇವೆಯ ಶ್ರಮ ನೀತಿಯಾಗಿ ನಿಲ್ಲುತ್ತದೆ.