ಯಾರ್ಕ್ (ಸ್ಥಳನಾಮದ ವ್ಯುತ್ಪತ್ತಿ)

ಯಾರ್ಕ್ ಉತ್ತರ ಇಂಗ್ಲೆಂಡಿನ ಒಂದು ಪ್ರಾಚೀನ ನಗರ. ಊಸ್ ಮತ್ತು ಫಾಸ್ ನದಿಗಳ ಸಂಗಮದಲ್ಲಿರುವ ಈ ನಗರದ ಹೆಸರು ಸುಮಾರು ಎರಡು ಸಾವಿರ ವರ್ಷಗಳ ಅವಧಿಯಲ್ಲಿ ಹಲವು ಭಾಷೆಗಳ ಮೂಲಕ ಸಾಗಿ ಇಂದಿನ ರೂಪವನ್ನು ಪಡೆದಿದೆ. ಇಲ್ಲಿಗೆ ಬಂದ ಜನರು ಅರ್ಥ ತಿಳಿಯದ ಹಳೆಯ ಹೆಸರನ್ನು ತಮ್ಮ ಭಾಷೆಯ ಪರಿಚಿತ ಪದಗಳಿಗೆ ಹೊಂದಿಸಿಕೊಂಡದ್ದರಿಂದ, ಇದು ಜನಪದ ನಿರುಕ್ತಿಗೆ ಉತ್ತಮ ನಿದರ್ಶನವಾಗಿದೆ.

ಮೂಲ

ಕ್ರಿ.ಶ. 71ರಲ್ಲಿ ರೋಮನ್ ಸೈನ್ಯದ ಒಂಬತ್ತನೆಯ ಲೀಜನ್ ಇಲ್ಲಿ ಕೋಟೆಯನ್ನು ಸ್ಥಾಪಿಸಿತು. ರೋಮನ್ನರು ಬಳಸಿದ 'ಎಬೊರಾಕಮ್' ಎಂಬುದು ಸ್ಥಳೀಯ ಬ್ರಿಟಾನಿಕ್ ಭಾಷೆಯ ಹೆಸರಿನ ಲ್ಯಾಟಿನ್ ರೂಪ. ಇದರ ಮೂಲವನ್ನು ವಿದ್ವಾಂಸರು 'ಎಬುರಾಕಾನ್' ಎಂದು ಪುನಾರಚಿಸಿದ್ದಾರೆ. 'ಎಬುರೋಸ್' ಎಂದರೆ ಯೂ ಎಂಬ ನಿತ್ಯಹರಿದ್ವರ್ಣ ಮರ. ಹಳೆಯ ಐರಿಷ್ ಭಾಷೆಯಲ್ಲಿ ಇದೇ ಮರಕ್ಕಿರುವ 'ಇಬಾರ್' ಎಂಬ ಪದವು ಇದರ ಸಜಾತಿ. ಆದ್ದರಿಂದ 'ಯೂ ಮರಗಳಿರುವ ಸ್ಥಳ' ಎಂಬ ವಿವರಣೆ ಹೆಚ್ಚು ಪ್ರಚಲಿತವಾಗಿದೆ. 'ಎಬುರೋಸ್ ಎಂಬಾತನ ಭೂಮಿ' ಎಂಬ ಅರ್ಥವನ್ನೂ ಸೂಚಿಸಲಾಗಿದೆ.

ರೂಪಾಂತರಗಳು

ಆಂಗ್ಲೋ-ಸ್ಯಾಕ್ಸನ್ನರು ನಗರವನ್ನು 'ಎಯೊಫೊರ್‌ವಿಕ್' ಎಂದು ಕರೆದರು. ಹಳೆಯ ಇಂಗ್ಲಿಷಿನಲ್ಲಿ 'ಎಯೊಫೊರ್' ಎಂದರೆ ಕಾಡುಹಂದಿ. 'ವಿಕ್' ಎಂದರೆ ವಸತಿ ಅಥವಾ ವ್ಯಾಪಾರದ ನೆಲೆ. ಸೆಲ್ಟಿಕ್ ರೂಪದ ಬಕಾರವು ಆ ವೇಳೆಗೆ ವಕಾರಕ್ಕೆ ತಿರುಗಿತ್ತು. 'ಎಯೊಫೊರ್' ಪದದ ಫಕಾರದ ಉಚ್ಚಾರಣೆಯೂ ವಕಾರವೇ ಆಗಿತ್ತು. ಈ ಧ್ವನಿಸಾಮ್ಯವೇ ಯೂ ಮರದ ಸ್ಥಾನಕ್ಕೆ ಕಾಡುಹಂದಿಯನ್ನು ತಂದಿತು.

866ರಲ್ಲಿ ಡೇನರು ನಗರವನ್ನು ವಶಪಡಿಸಿಕೊಂಡ ಬಳಿಕ ಹೆಸರು 'ಯೋರ್ವಿಕ್' ಎಂದಾಯಿತು. ನಾರ್ಸ್ ಭಾಷೆಯಲ್ಲಿ 'ಯೋರ್' ಎಂದರೆ ಕುದುರೆ, 'ವಿಕ್' ಎಂದರೆ ಕೊಲ್ಲಿ. ಆದರೆ ನಗರವು ಒಳನಾಡಿನಲ್ಲಿದೆ. ಹೀಗಾಗಿ ಕುದುರೆ, ಕೊಲ್ಲಿಗಳನ್ನು ಹೆಸರಿನ ಮೂಲಾರ್ಥವೆಂದು ಭಾವಿಸಲಾಗದು. ಹಳೆಯ ಇಂಗ್ಲಿಷ್ ಹೆಸರಿನ ಧ್ವನಿಯನ್ನೇ ಡೇನರು ತಮ್ಮ ನುಡಿಗೆ ಒಗ್ಗಿಸಿಕೊಂಡಿದ್ದರು. ಮುಂದೆ ಈ ರೂಪ ಸವೆದು, 13ನೆಯ ಶತಮಾನದಲ್ಲಿ 'ಯಾರ್ಕ್' ಎಂಬ ರೂಪ ಕಾಣಿಸಿಕೊಂಡಿತು.

ಇಂದಿನ ಕುರುಹುಗಳು

ಯಾರ್ಕಿನ ಆರ್ಚ್‌ಬಿಷಪ್ಪರು ಲ್ಯಾಟಿನ್ ಹೆಸರಿನ ಸಂಕ್ಷೇಪವಾದ 'ಎಬೊರ್' ಎಂಬುದನ್ನು ಇಂದಿಗೂ ಸಹಿಯಲ್ಲಿ ಬಳಸುತ್ತಾರೆ. ವೆಲ್ಷ್ ಭಾಷೆಯ 'ಎವ್ರೊಗ್' ಎಂಬ ಹೆಸರು ನಡುವಿನ ಜನಪದ ನಿರುಕ್ತಿಗಳಿಗೆ ಒಳಗಾಗದೆ ಸೆಲ್ಟಿಕ್ ಮೂಲದಿಂದ ಬಂದಿದೆ. 1664ರಲ್ಲಿ ಇಂಗ್ಲಿಷರು ಡಚ್ಚರಿಂದ ನ್ಯೂ ಆಮ್‌ಸ್ಟರ್‌ಡ್ಯಾಮನ್ನು ವಶಪಡಿಸಿಕೊಂಡು, ಡ್ಯೂಕ್ ಆಫ್ ಯಾರ್ಕ್ ಪದವಿಯಲ್ಲಿದ್ದ ಜೇಮ್ಸನ ಗೌರವಾರ್ಥ ಅದಕ್ಕೆ ನ್ಯೂಯಾರ್ಕ್ ಎಂದು ಹೆಸರಿಟ್ಟರು. ಹೀಗೆ ಆ ಅಮೆರಿಕನ್ ನಗರದ ಹೆಸರು ಯಾರ್ಕ್ ನಗರದಿಂದ ನೇರವಾಗಿ ಬಂದುದಲ್ಲ, ರಾಜವಂಶದ ಬಿರುದಿನ ಮೂಲಕ ಬಂದುದು.