ಆನ್ವಯಿಕ ತಂತ್ರಾಂಶ

ಆನ್ವಯಿಕ ತಂತ್ರಾಂಶವು ಬಳಕೆದಾರರ ನಿರ್ದಿಷ್ಟ ಕೆಲಸವೊಂದನ್ನು ಗಣಕಯಂತ್ರದಲ್ಲಿ ಅಥವಾ ಮೊಬೈಲಿನಲ್ಲಿ ನೆರವೇರಿಸಿಕೊಡುವ ಸೂಚನೆಗಳ ಸಮೂಹವಾಗಿದೆ. ಪತ್ರ ಬರೆಯುವುದು, ಲೆಕ್ಕ ಇಡುವುದು, ಪಹಣಿ ಪಡೆಯುವುದು, ಹಣ ಪಾವತಿಸುವುದು ಮುಂತಾದ ಕೆಲಸಗಳಿಗೆ ಬೇರೆ ಬೇರೆ ಆನ್ವಯಿಕ ತಂತ್ರಾಂಶಗಳಿವೆ. ಆಡುಮಾತಿನಲ್ಲಿ ಇವನ್ನು 'ಅಪ್ಲಿಕೇಶನ್' ಅಥವಾ 'ಆ್ಯಪ್' ಎಂದು ಕರೆಯುತ್ತಾರೆ. ಯಂತ್ರದ ಸ್ಮೃತಿ, ಪರದೆ, ಕೀಲಿಮಣೆ, ಮುದ್ರಕ ಇವುಗಳನ್ನು ನಿಯಂತ್ರಿಸುವ ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಮೊದಲಾದವು ಕಾರ್ಯಾಚರಣಾ ವ್ಯವಸ್ಥೆಗಳು. ಆನ್ವಯಿಕ ತಂತ್ರಾಂಶಗಳು ಇವುಗಳ ಮೇಲೆ ಕೆಲಸ ಮಾಡುತ್ತವೆ.

ಪ್ರಮುಖ ವಿಧಗಳು

ಪದಸಂಸ್ಕಾರಕ: ಪತ್ರ, ಅರ್ಜಿ, ಪ್ರಬಂಧಗಳನ್ನು ಬರೆಯಲು, ತಿದ್ದಲು ಮತ್ತು ಮುದ್ರಿಸಲು ಬಳಸುವ ತಂತ್ರಾಂಶ. ಮೈಕ್ರೋಸಾಫ್ಟ್ ವರ್ಡ್ ಮತ್ತು ಲಿಬ್ರೆ ಆಫೀಸ್ ರೈಟರ್ ಇದಕ್ಕೆ ಉದಾಹರಣೆಗಳು. ಲಿಬ್ರೆ ಆಫೀಸ್ ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶವಾಗಿದ್ದು, ಅದರ ಆದೇಶಗಳನ್ನು ಕನ್ನಡದಲ್ಲಿಯೂ ಕಾಣಬಹುದು.

ಲೆಕ್ಕಹಾಳೆ: ಅಡ್ಡಸಾಲು ಮತ್ತು ಕಂಬಸಾಲುಗಳು ಕೂಡುವೆಡೆಯ ಚೌಕಗಳಲ್ಲಿ ಅಂಕಿಗಳನ್ನು ತುಂಬಿ ಲೆಕ್ಕ ಮಾಡುವ ತಂತ್ರಾಂಶ. ರೇಷ್ಮೆ ಬೆಳೆಗಾರರೊಬ್ಬರು ಗೂಡಿನ ತೂಕವನ್ನು ಒಂದು ಚೌಕದಲ್ಲಿ 48 ಎಂದೂ ಕಿಲೋ ದರವನ್ನು ಮತ್ತೊಂದರಲ್ಲಿ 500 ಎಂದೂ ಬರೆದು, ಮೂರನೆಯದರಲ್ಲಿ ಇವೆರಡನ್ನೂ ಗುಣಿಸುವ ಸೂತ್ರವನ್ನು ನೀಡಿದರೆ 24,000 ಎಂಬ ಉತ್ತರ ಬರುತ್ತದೆ. ದರವನ್ನು ಬದಲಿಸಿದ ಕೂಡಲೇ ಮೊತ್ತವೂ ತಾನಾಗಿ ಬದಲಾಗುತ್ತದೆ.

ಜಾಲವೀಕ್ಷಕ: ಅಂತರಜಾಲದ ಪುಟಗಳನ್ನು ತೆರೆದು ತೋರಿಸುವ ತಂತ್ರಾಂಶ. ಫೈರ್‌ಫಾಕ್ಸ್ ಮತ್ತು ಕ್ರೋಮ್ ಇದಕ್ಕೆ ಉದಾಹರಣೆಗಳು.

ದತ್ತಸಂಚಯ ಆಧಾರಿತ ತಂತ್ರಾಂಶ: ಅಪಾರ ಸಂಖ್ಯೆಯ ದಾಖಲೆಗಳನ್ನು ಕ್ರಮವಾಗಿ ಸಂಗ್ರಹಿಸಿ, ಬೇಕಾದುದನ್ನು ಹುಡುಕಿಕೊಡುವ ತಂತ್ರಾಂಶ. ಸರ್ಕಾರಿ ಸೇವೆಗಳು ಹೆಚ್ಚಾಗಿ ಇದನ್ನೇ ಅವಲಂಬಿಸಿವೆ.

ಬಳಕೆಯ ಮೂಲ ಕ್ರಮಗಳು

ತಂತ್ರಾಂಶಗಳು ಬೇರೆ ಬೇರೆಯಾದರೂ ಅವುಗಳನ್ನು ಬಳಸುವ ಕ್ರಮದಲ್ಲಿ ಸಾಮ್ಯವಿದೆ. ಚಿಹ್ನೆಯ ಮೇಲೆ ಮೌಸ್‌ನಿಂದ ಎರಡು ಬಾರಿ ಒತ್ತಿದಾಗ ತಂತ್ರಾಂಶದ ಕಿಟಕಿ ತೆರೆದುಕೊಳ್ಳುತ್ತದೆ. ಕಿಟಕಿಯ ಮೇಲ್ಭಾಗದಲ್ಲಿರುವ ಪಟ್ಟಿಯಲ್ಲಿ ಆದೇಶಗಳಿರುತ್ತವೆ. ಬರೆದುದು ಮೊದಲು ಯಂತ್ರದ ತಾತ್ಕಾಲಿಕ ಸ್ಮೃತಿಯಲ್ಲಿರುತ್ತದೆ. ಅದನ್ನು ಉಳಿಸದೆ ಇದ್ದಾಗ ವಿದ್ಯುತ್ ಕಡಿತವಾದರೆ ಮಾಡಿದ ಕೆಲಸ ನಷ್ಟವಾಗಬಹುದು. ಆದ್ದರಿಂದ ಕೆಲಸದ ನಡುನಡುವೆ ಕಡತವನ್ನು ಉಳಿಸುವುದು ಆರಂಭಿಕರು ರೂಢಿಸಿಕೊಳ್ಳಬೇಕಾದ ಮೊದಲ ಅಭ್ಯಾಸ. ಸಾಮಾನ್ಯವಾಗಿ ಕಂಟ್ರೋಲ್ ಕೀಲಿಯೊಂದಿಗೆ ಎಸ್ ಒತ್ತಿದರೆ ಕಡತ ಉಳಿಯುತ್ತದೆ, ಸಿ ಒತ್ತಿದರೆ ಆಯ್ದ ಭಾಗದ ನಕಲು ಸಿದ್ಧವಾಗುತ್ತದೆ, ವಿ ಒತ್ತಿದರೆ ಆ ನಕಲು ಬೇಕಾದಲ್ಲಿ ಅಂಟಿಕೊಳ್ಳುತ್ತದೆ, ಜ಼ೆಡ್ ಒತ್ತಿದರೆ ಹಿಂದಿನ ಕ್ರಿಯೆ ರದ್ದಾಗುತ್ತದೆ. ಕಡತಕ್ಕೆ ವಿಷಯವನ್ನೂ ದಿನಾಂಕವನ್ನೂ ಸೂಚಿಸುವ ಹೆಸರಿಟ್ಟರೆ ಮುಂದೆ ಹುಡುಕುವುದು ಸುಲಭ. ಮುಖ್ಯ ಕಡತಗಳ ಪ್ರತಿಯೊಂದನ್ನು ಪೆನ್‌ಡ್ರೈವ್ ಮುಂತಾದ ಬೇರೊಂದು ಸಾಧನದಲ್ಲಿಯೂ ಇಡಬೇಕು.

ಕನ್ನಡದ ಬಳಕೆ

ಕನ್ನಡದಲ್ಲಿ ಬರೆಯಲು ನೆರವಾಗುವ ತಂತ್ರಾಂಶಗಳಲ್ಲಿ 'ಬರಹ' ಮತ್ತು 'ನುಡಿ' ಪ್ರಸಿದ್ಧವಾಗಿವೆ. ಬರಹವನ್ನು ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಬಿಡುಗಡೆ ಮಾಡಿದರು. ನುಡಿಯನ್ನು ಕರ್ನಾಟಕ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಅಭಿವೃದ್ಧಿಪಡಿಸಿತು. ನುಡಿಯ ಕೀಲಿಮಣೆ ವಿನ್ಯಾಸಕ್ಕೆ ಕೆ. ಪಿ. ರಾವ್ ಅವರ ವಿನ್ಯಾಸವೇ ಆಧಾರ. ಇದರಲ್ಲಿ ಒಂದು ಕೀಲಿ ಅಲ್ಪಪ್ರಾಣವನ್ನು ಮೂಡಿಸಿದರೆ, ಶಿಫ್ಟ್‌ನೊಂದಿಗೆ ಅದೇ ಕೀಲಿಯನ್ನು ಒತ್ತಿದಾಗ ಮಹಾಪ್ರಾಣ ಮೂಡುತ್ತದೆ. ಒತ್ತಕ್ಷರ ಬೇಕಾದಾಗ ಎರಡು ವ್ಯಂಜನಗಳ ನಡುವೆ ಎಫ್ ಕೀಲಿಯನ್ನು ಒತ್ತಬೇಕು. 'ರಾಮನಗರ' ಎಂದು ಬರೆಯಲು ಆರ್, ಶಿಫ್ಟ್‌ನೊಂದಿಗೆ ಎ, ಎಂ, ಎನ್, ಜಿ, ಆರ್ ಕೀಲಿಗಳು ಸಾಕು. 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಕೀಲಿಗಳನ್ನು ಒತ್ತಬೇಕು.

ಹಳೆಯ ಫಾಂಟ್ ಆಧಾರಿತ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳಿಗೇ ಕನ್ನಡದ ಆಕಾರಗಳನ್ನು ಜೋಡಿಸಲಾಗುತ್ತಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದಾಗ ಇಂತಹ ಕಡತವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಯೂನಿಕೋಡ್ ಶಿಷ್ಟತೆಯು ಕನ್ನಡಕ್ಕೆ 128 ಸ್ಥಾನಗಳನ್ನು ಪ್ರತ್ಯೇಕವಾಗಿ ಮೀಸಲಿಟ್ಟು ಈ ತೊಡಕನ್ನು ನಿವಾರಿಸಿತು. ಯೂನಿಕೋಡ್‌ನಲ್ಲಿರುವ ಬರಹವನ್ನು ಅಂತರಜಾಲದಲ್ಲಿ ಹುಡುಕಬಹುದು, ಅಕಾರಾದಿಯಾಗಿ ಜೋಡಿಸಬಹುದು, ಮೊಬೈಲಿನಲ್ಲಿಯೂ ಓದಬಹುದು. ಹಳೆಯ ಕಡತಗಳನ್ನು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬಹುದು. ಆದರೆ ಪರಿವರ್ತನೆಯ ನಂತರ ಒತ್ತಕ್ಷರ ಮತ್ತು ಅಂಕಿಗಳನ್ನು ಒಮ್ಮೆ ಓದಿ ಪರಿಶೀಲಿಸುವುದು ಅಗತ್ಯ.

ರಾಮನಗರ ಪ್ರದೇಶದಲ್ಲಿ ಬಳಕೆ

ಭೂಮಿ: ಕಂದಾಯ ಇಲಾಖೆಯ 'ಭೂಮಿ' ಯೋಜನೆಯು ರಾಜ್ಯದ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ಅಲ್ಲಿಯವರೆಗೆ ಗ್ರಾಮ ಲೆಕ್ಕಿಗರು ಕೈಬರಹದಲ್ಲಿ ಪಹಣಿಯನ್ನು ನಿರ್ವಹಿಸುತ್ತಿದ್ದರು. ಗಣಕೀಕರಣದ ನಂತರ ತಾಲ್ಲೂಕು ಕಚೇರಿಯಲ್ಲಿ ನಿಗದಿತ ಶುಲ್ಕಕ್ಕೆ ಮುದ್ರಿತ ಪಹಣಿ ದೊರೆಯುವಂತಾಯಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದಲ್ಲಿಯೇ ಅಳವಡಿಸಲಾಯಿತು. ಸಿಬ್ಬಂದಿಯ ಪ್ರವೇಶಕ್ಕೆ ಬೆರಳಚ್ಚು ಕಡ್ಡಾಯವಾಯಿತು.

ಗೂಡು ಮಾರುಕಟ್ಟೆ: ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯು ಏಷ್ಯಾದ ದೊಡ್ಡ ಗೂಡು ಮಾರುಕಟ್ಟೆಗಳಲ್ಲಿ ಒಂದು. ಇಲ್ಲಿ ಇ-ಹರಾಜು ಪದ್ಧತಿ ಜಾರಿಗೆ ಬಂದ ಮೇಲೆ ರೀಲರುಗಳು ಮೊಬೈಲಿನ ಮೂಲಕ ದರ ಕೂಗುತ್ತಾರೆ. ಪರದೆಯ ಮೇಲಿನ ಅಂಕಿಯನ್ನು ಓದಬಲ್ಲ ಬೆಳೆಗಾರರು ತಮ್ಮ ಲಾಟಿನ ತೂಕವನ್ನೂ ದರವನ್ನೂ ತಾವೇ ತಾಳೆ ನೋಡಬಹುದು.

ಪ್ರಮಾಣಪತ್ರಗಳು: ಹೋಬಳಿ ಮಟ್ಟದ ನಾಡಕಚೇರಿಗಳ ಮೂಲಕ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಪಡೆಯಬಹುದು. ಹಲವು ಇಲಾಖೆಗಳ ಸೇವೆಗಳಿಗೆ 'ಸೇವಾ ಸಿಂಧು' ಜಾಲತಾಣದಲ್ಲಿ ಅರ್ಜಿ ಸಲ್ಲಿಸಬಹುದು. ವಿದ್ಯಾರ್ಥಿವೇತನದಂತಹ ಅರ್ಜಿಗಳಿಗೆ ಈ ಪ್ರಮಾಣಪತ್ರಗಳು ಬೇಕಾಗುವುದರಿಂದ ವಿದ್ಯಾರ್ಥಿಗಳು ಈ ಸೇವೆಗಳ ಬಳಕೆಯನ್ನು ಅರಿತಿರುವುದು ಉಪಯುಕ್ತ.

ಅರ್ಜಿ ತುಂಬುವಾಗ ಗಮನಿಸಬೇಕಾದ ಅಂಶಗಳು

ತಂತ್ರಾಂಶವು ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತದೆ. ಪಹಣಿಯಲ್ಲಿ ಒಂದು ಕಾಗುಣಿತ, ಆಧಾರ್‌ನಲ್ಲಿ ಮತ್ತೊಂದು ಕಾಗುಣಿತವಿದ್ದರೆ ಒಬ್ಬರೇ ವ್ಯಕ್ತಿಯ ದಾಖಲೆಗಳು ತಾಳೆಯಾಗದೆ ಅರ್ಜಿ ನಿಲ್ಲಬಹುದು. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವ ಮುನ್ನ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದವು. ಹೀಗಾಗಿ ಹಳೆಯ ದಾಖಲೆಗಳಲ್ಲಿ ಹಿಂದಿನ ಜಿಲ್ಲೆಯ ಹೆಸರು ಇರುವುದು ಸಹಜ. ಅರ್ಜಿಯಲ್ಲಿ ತಾಲ್ಲೂಕು, ಹೋಬಳಿ ಮತ್ತು ಗ್ರಾಮದ ಹೆಸರುಗಳನ್ನು ಪಟ್ಟಿಯಿಂದ ಎಚ್ಚರಿಕೆಯಿಂದ ಆರಿಸಿ, ಸಲ್ಲಿಸುವ ಮೊದಲು ಇಡೀ ಅರ್ಜಿಯನ್ನು ಮತ್ತೊಮ್ಮೆ ಓದಬೇಕು. ಸಲ್ಲಿಸಿದ ಬಳಿಕ ಬರುವ ಅರ್ಜಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು; ಅರ್ಜಿಯ ಸ್ಥಿತಿಯನ್ನು ತಿಳಿಯಲು ಅದೇ ಆಧಾರ.

ಸುರಕ್ಷತೆ

ಪಾಸ್‌ವರ್ಡ್ ಮತ್ತು ಒಟಿಪಿಯನ್ನು ಯಾರಿಗೂ ಹೇಳಬಾರದು. ಬೇರೆಯವರ ನೆರವಿನಿಂದ ಅರ್ಜಿ ತುಂಬಿಸುವಾಗಲೂ ಒಟಿಪಿ ಯಾವ ಉದ್ದೇಶಕ್ಕೆ ಬಂದಿದೆಯೆಂದು ಸಂದೇಶವನ್ನು ಓದಿ ತಿಳಿದುಕೊಳ್ಳಬೇಕು. ಸೈಬರ್ ಕೇಂದ್ರದಂತಹ ಸಾರ್ವಜನಿಕ ಸ್ಥಳದಲ್ಲಿ ಕೆಲಸ ಮುಗಿದ ಮೇಲೆ ಖಾತೆಯಿಂದ ಹೊರಬಂದು, ಅಲ್ಲಿ ಉಳಿಸಿದ ಆಧಾರ್ ಮೊದಲಾದ ದಾಖಲೆಗಳ ಪ್ರತಿಗಳನ್ನು ಅಳಿಸಬೇಕು. ಆ್ಯಪ್‌ಗಳನ್ನು ಅಧಿಕೃತ ಮೂಲದಿಂದಲೇ ಪಡೆಯಬೇಕು. ಸಂದೇಶದಲ್ಲಿ ಬಂದ ಅಪರಿಚಿತ ಕೊಂಡಿಯಿಂದ ಸ್ಥಾಪಿಸಬಾರದು. ಆನ್‌ಲೈನ್ ವಂಚನೆಯಿಂದ ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಿ ದೂರು ನೀಡಬಹುದು. ದೂರು ಬೇಗ ದಾಖಲಾದಷ್ಟೂ ವಂಚಕರ ಖಾತೆಯಲ್ಲಿ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.