ಅಗತ್ತಿಗೆ ವಿಮಾನ ಬಂತು, ಬ್ರಹ್ಮಗಿರಿಗೆ ಬೇಕಿರುವುದೇನು?

ಬೇಸಿಗೆ ರಜೆ ಸಮೀಪಿಸುತ್ತಿದ್ದಂತೆ ವಿಮಾನಯಾನ ಸಂಸ್ಥೆಗಳು ಹೊಸ ಮಾರ್ಗಗಳನ್ನು ಪ್ರಕಟಿಸುವುದು ವಾಡಿಕೆ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಅವುಗಳ ಬೇಸಿಗೆ ವೇಳಾಪಟ್ಟಿ ಜಾರಿಗೆ ಬರುತ್ತದೆ. 2024ರಲ್ಲಿ ಆ ಭಾನುವಾರ ಮಾರ್ಚ್ 31ರಂದು ಬಂದಿತ್ತು. ಅಂದೇ ಇಂಡಿಗೊ ಸಂಸ್ಥೆ ಬೆಂಗಳೂರಿನಿಂದ ಲಕ್ಷದ್ವೀಪದ ಅಗತ್ತಿಗೆ ನೇರ ವಿಮಾನ ಆರಂಭಿಸಿತು. ಅದೇ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ದ್ವೀಪಗಳಿಗೆ ಭೇಟಿ ನೀಡಿದ್ದು, ಅದರ ಬೆನ್ನಿಗೇ ಮಾಲ್ಡೀವ್ಸ್ ಜತೆ ಎದ್ದ ವಿವಾದ, ಇವೆರಡೂ ಸೇರಿ ಲಕ್ಷದ್ವೀಪದ ಹೆಸರು ದೇಶದೆಲ್ಲೆಡೆ ಕೇಳಿಬಂದಿದ್ದ ಕಾಲವದು.

ಕರ್ನಾಟಕಕ್ಕೆ ಈ ದ್ವೀಪಗಳು ಪರಕೀಯವೇನಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ ದ್ವೀಪಗಳು 1956ರ ನವೆಂಬರ್ 1ರವರೆಗೆ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ದ್ವೀಪದ ತೆಂಗಿನ ನಾರು ಮಂಗಳೂರಿನ ಬಂದರಿಗೆ ಬಂದು, ಅಲ್ಲಿಂದ ಅಕ್ಕಿ ಹಿಂದಿರುಗುತ್ತಿತ್ತು.

ದುರ್ಗಮ ತಾಣಕ್ಕೆ ವಿಮಾನ ಬಂದರೆ ಬೇಸಿಗೆಯ ಪ್ರವಾಸೋದ್ಯಮ ಬೆಳೆಯುವುದೆ? ಅಗತ್ತಿಯ ಮಟ್ಟಿಗೆ ಉತ್ತರ ಹೌದು, ಆದರೆ ಮಿತಿಯೊಳಗೆ. ಕೊಚ್ಚಿಯಿಂದ ಹಡಗಿನಲ್ಲಿ 14ರಿಂದ 20 ಗಂಟೆ ಹಿಡಿಯುವ ಪಯಣವನ್ನು ವಿಮಾನ ಒಂದೆರಡು ಗಂಟೆಗೆ ಇಳಿಸುತ್ತದೆ. ಸಮುದ್ರದ ನಡುವಿನ ನೆಲಕ್ಕೆ ಬೇರೆ ದಾರಿಯೇ ಇಲ್ಲವಾದ್ದರಿಂದ ಪ್ರತಿಯೊಂದು ಆಸನಕ್ಕೂ ಬೆಲೆಯುಂಟು. ಆದರೆ 1988ರಲ್ಲಿ ಆರಂಭವಾದ ಅಲ್ಲಿನ ನಿಲ್ದಾಣದ ಓಡುದಾರಿ ಸುಮಾರು 1,200 ಮೀಟರ್ ಮಾತ್ರ. ಎಪ್ಪತ್ತೆಂಟು ಆಸನಗಳ ಎಟಿಆರ್‌ಗಿಂತ ದೊಡ್ಡ ವಿಮಾನ ಅಲ್ಲಿ ಇಳಿಯುವಂತಿಲ್ಲ. ಪ್ರವೇಶಕ್ಕೆ ಪರವಾನಗಿ ಬೇಕು. ಕುಡಿಯುವ ನೀರಂತೂ ಮರಳಿನಡಿಯ ತೆಳುವಾದ ಪದರವೊಂದರಲ್ಲಿ ನಿಂತ ಮಳೆನೀರು. ಅದು ಸಾಲದೆಂದೇ 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನು ಸಿಹಿಗೊಳಿಸುವ ಘಟಕ ಸ್ಥಾಪನೆಯಾಯಿತು. ಮೇ ಮಧ್ಯಭಾಗದ ನಂತರ ಮುಂಗಾರಿನ ಅಲೆಗಳು ಏಳುತ್ತವೆ. ಹೀಗಾಗಿ ವಿಮಾನ ಸಂಸ್ಥೆಯ ‘ಬೇಸಿಗೆ’ ಅಕ್ಟೋಬರ್‌ವರೆಗೆ ಇದ್ದರೂ ಪ್ರವಾಸಿಗನ ಬೇಸಿಗೆ ಆರೇಳು ವಾರದಲ್ಲಿ ಮುಗಿಯುತ್ತದೆ.

ಇದೇ ಪ್ರಶ್ನೆಯನ್ನು ನಮ್ಮ ಬಯಲುಸೀಮೆಯಲ್ಲಿ ಕೇಳಿ ನೋಡಬೇಕು. ವಿಮಾನ ನಿಲ್ದಾಣವಾದರೆ ಪ್ರವಾಸಿಗರು ಹರಿದುಬರುತ್ತಾರೆಂಬ ನಿರೀಕ್ಷೆ ರಾಜ್ಯದ ಬಹುತೇಕ ಜಿಲ್ಲೆಗಳಲ್ಲಿದೆ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಈ ನಿರೀಕ್ಷೆಯನ್ನು ಒರೆಗೆ ಹಚ್ಚಲು ತಕ್ಕ ಸ್ಥಳ.

ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ, ಒಂದಕ್ಕೊಂದು ಕೂಗಳತೆಯಲ್ಲಿ ಎನ್ನುವಷ್ಟು ಹತ್ತಿರವಿರುವ ಈ ಮೂರು ಕಡೆಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಅದಕ್ಕೂ ಮುನ್ನ ಊರವರಿಗೆ ಬ್ರಹ್ಮಗಿರಿಯ ಬಂಡೆ ಬರಿಯ ‘ಅಕ್ಷರಗುಂಡು’. ಅದಕ್ಕೆ ರೋಗ ವಾಸಿಮಾಡುವ ಗುಣವಿದೆಯೆಂಬ ನಂಬಿಕೆಯೂ ಇತ್ತು. ಸುವರ್ಣಗಿರಿಯ ಆರ್ಯಪುತ್ರನು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಇದು. ಬ್ರಾಹ್ಮಿಯಲ್ಲಿ ಕೊರೆದ ಲಿಪಿಕಾರ ಚಪಡನು ‘ಲಿಪಿಕರೇಣ’ ಎಂಬ ಪದವೊಂದನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ದೂರದಿಂದ ಬಂದವನ ಕೈಬರಹವಿರಬೇಕು. ಶಾಸನದಲ್ಲಿ 256 ಎಂಬ ಸಂಖ್ಯೆಯೂ ಉಂಟು. ಪ್ರವಾಸದಲ್ಲಿ ಕಳೆದ 256 ರಾತ್ರಿಗಳೆಂದು ವಿದ್ವಾಂಸರು ಅದನ್ನು ಅರ್ಥೈಸುತ್ತಾರೆ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ನಡೆಸಿದ ಉತ್ಖನನ ದಕ್ಷಿಣ ಭಾರತದ ಬೃಹತ್ ಶಿಲಾಯುಗದ ಸಮಾಧಿಗಳ ಕಾಲನಿರ್ಣಯಕ್ಕೆ ಆಧಾರವಾಯಿತು.

ಈ ಮಹತ್ವಕ್ಕೆ ತಕ್ಕ ಜನ ಇಲ್ಲಿಗೆ ಬರುವುದಿಲ್ಲ. ಕಾರಣ ದೂರವೆ? ಬೆಂಗಳೂರಿನಿಂದ ಹಿರಿಯೂರು, ಚಳ್ಳಕೆರೆ ಮಾರ್ಗವಾಗಿ ಸುಮಾರು 250 ಕಿ.ಮೀ. ನಾಲ್ಕೈದು ಗಂಟೆಯ ಹಾದಿ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣ ನೂರು ಕಿಲೋಮೀಟರಿಗೂ ಕಡಿಮೆ ದೂರದಲ್ಲಿದೆ. ಉಡಾನ್ ಯೋಜನೆಯಡಿ 2017ರಲ್ಲಿ ಟ್ರೂಜೆಟ್ ಅಲ್ಲಿಂದ ಹೈದರಾಬಾದ್ ಮತ್ತು ಬೆಂಗಳೂರಿಗೆ ಹಾರಾಟ ನಡೆಸಿತು. 2022ರಲ್ಲಿ ಆ ಸಂಸ್ಥೆಯೇ ಹಾರಾಟ ನಿಲ್ಲಿಸಿತು. ಬೆಂಗಳೂರಿಗನು ದೇವನಹಳ್ಳಿ ತಲುಪಿ, ತಪಾಸಣೆಗೆ ಕಾದು, ಹಾರಿ, ತೋರಣಗಲ್ಲಿನಲ್ಲಿಳಿದು ಮತ್ತೆ ಎರಡು ಗಂಟೆ ಕಾರಿನಲ್ಲಿ ಸಾಗಿದರೆ ಉಳಿತಾಯವಾಗುವ ಸಮಯವೇ ಇಲ್ಲ. ಹೈದರಾಬಾದಿನವನಿಗೆ ಅನುಕೂಲವಾದೀತು, ಆದರೆ ಅಲ್ಲಿ ಇಳಿದವನ ಕಣ್ಣು ಸಹಜವಾಗಿ ಹಂಪಿಯತ್ತ. ಬ್ರಹ್ಮಗಿರಿಯನ್ನು ನೋಡಲು ಬಂದವನು ರಾತ್ರಿ ತಂಗುವುದೂ ಬಳ್ಳಾರಿ, ಹೊಸಪೇಟೆ ಅಥವಾ ಚಿತ್ರದುರ್ಗದ ಹೋಟೆಲುಗಳಲ್ಲೇ. ಹಣ ಸಂದಾಯವಾಗುವುದೂ ಅಲ್ಲಿಯೇ.

ಚೋದ್ಯವೆಂದರೆ ಪಕ್ಕದ ಚಳ್ಳಕೆರೆ ತಾಲ್ಲೂಕಿನಲ್ಲಿ ಓಡುದಾರಿಗೆ ಕೊರತೆಯಿಲ್ಲ. ಅಮೃತಮಹಲ್ ಕಾವಲಿನ ನೆಲದಲ್ಲಿ ಡಿಆರ್‌ಡಿಒ ನಿರ್ಮಿಸಿದ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ಇಸ್ರೊದ ಮರುಬಳಕೆಯ ಉಡಾವಣಾ ವಾಹನ 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಬಾರಿ ಅಲ್ಲಿ ತಾನಾಗಿಯೇ ಬಂದಿಳಿಯಿತು. ಅದು ಪರೀಕ್ಷೆಯ ನೆಲ, ಪ್ರಯಾಣಿಕರದ್ದಲ್ಲ.

ದ್ವೀಪಕ್ಕೂ ಬ್ರಹ್ಮಗಿರಿಗೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಅಗತ್ತಿಯಲ್ಲಿ ತಡೆ ಎಂದರೆ ಸಮುದ್ರ. ವಿಮಾನ ಅದನ್ನು ದಾಟಿಸುತ್ತದೆ. ಬ್ರಹ್ಮಗಿರಿಯಲ್ಲಿ ತಡೆ ಇರುವುದು ಕೊನೆಯ ಹತ್ತಾರು ಕಿಲೋಮೀಟರಿನಲ್ಲಿ: ದಿನಕ್ಕೆ ಸಾಲುವಷ್ಟು ಬಸ್ಸು, ಶಾಸನವನ್ನು ಓದಿ ಹೇಳಬಲ್ಲವರು, ತಂಗಲು ಒಂದು ಕೋಣೆ, ನೆರಳು, ನೀರು. ಇವು ಒದಗಿದರೆ ಬಂದವರು ಮೊಳಕಾಲ್ಮೂರಿನ ನೇಕಾರರ ಮನೆಗೂ ಹೋದಾರು. ಭೌಗೋಳಿಕ ಗುರುತು ಪಡೆದ ಅಲ್ಲಿನ ರೇಷ್ಮೆ ಸೀರೆಗೆ ಮಗ್ಗದ ಬಳಿಯೇ ಗಿರಾಕಿ ಸಿಕ್ಕಾನು. ಒಂದು ಓಡುದಾರಿಯ ವೆಚ್ಚದ ಮುಂದೆ ಇವೆಲ್ಲ ಚಿಲ್ಲರೆ ಖರ್ಚು.

ಬೇಸಿಗೆಯ ಮಾತೂ ಉಳಿದಿದೆ. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಉಷ್ಣಾಂಶ 40 ಡಿಗ್ರಿಯ ಆಸುಪಾಸು ಇರುತ್ತದೆ. ಕಣಶಿಲೆಯ ಬಂಡೆಗಳು ಹಗಲೆಲ್ಲ ಕಾದು ಸಂಜೆಯವರೆಗೂ ಶಾಖ ಉಗುಳುತ್ತವೆ. ಮಕ್ಕಳೊಂದಿಗೆ ಬರುವವರಿಗೆ ನವೆಂಬರ್‌ನಿಂದ ಫೆಬ್ರುವರಿವರೆಗಿನ ಅವಧಿ ಸೂಕ್ತ. ಬೇಸಿಗೆ ರಜೆಯಲ್ಲೇ ಬರಬೇಕೆಂದವರು ಹಿಂದಿನ ರಾತ್ರಿ ಬಳ್ಳಾರಿ ಅಥವಾ ಚಿತ್ರದುರ್ಗದಲ್ಲಿ ತಂಗಿ, ಜಟಿಂಗ ರಾಮೇಶ್ವರದ ಮೆಟ್ಟಿಲುಗಳನ್ನು ಬಿಸಿಲೇರುವ ಮೊದಲೇ ಹತ್ತಿಳಿದು, ಅಕ್ಷರಗುಂಡನ್ನು ಬೆಳಿಗ್ಗೆ ಹತ್ತರೊಳಗೆ ನೋಡಿಕೊಳ್ಳುವುದು ಒಳಿತು. ನೀರು ಜತೆಯಲ್ಲೇ ಇರಲಿ.